ನಂಬರ್ ಬಿದ್ದ ಕೋಳಿಗಳು ಮತ್ತು ಐಸಮ್ಮನ ಸಾಕ್ಷಿ

ನನ್ನನ್ನು ಕೋಳಿ ಡಾಕ್ಟರು ಎಂದು ಕರೆದವರು ಯಾರೂ ಗೌರವಕ್ಕೆ ಹಾಗೆ ಕರೆದದ್ದಲ್ಲ. ನಮ್ಮ ಇಲಾಖೆಯಲ್ಲಿ ಹಸು ಎಮ್ಮೆ ನೋಡುವವನು ಡಾಕ್ಟರು. ಎಸ್ಟೇಟ್ ಮಾಲೀಕರ ನಾಯಿ ನೋಡುವವನು ದೊಡ್ಡ ಡಾಕ್ಟರು. ಕೋಳಿಯನ್ನು ತಲೆಕೆಳಗೆ ಹಿಡಿದು ಅದರ ಬಾಲದ ಅಡಿ ಇಣುಕುವವನು ನಗೆಪಾಟಲು. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ಬಹುಭಾಗ ಮೂಡಿಗೆರೆ ಸೀಮೆಯಲ್ಲಿ ನಾನು ಆ ನಗೆಪಾಟಲಾಗಿದ್ದೆ. ಇನ್ನೊಂದು ಜನ್ಮ ಕೊಟ್ಟು ಯಾವ ಕೆಲಸ ಬೇಕು ಎಂದರೆ ಅದನ್ನೇ ಕೇಳುತ್ತೇನೆ.

ಈಚೆಗೆ ಕೆಲಸಕ್ಕೆ ಸೇರಿದ ಒಬ್ಬ ಪಶುವೈದ್ಯೆ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತ ಕೇಳಿದರು: “ಸರ್, ಹೊಸ ಕೋಳಿ ತಂದ್ರೆ ಇಪ್ಪತ್ತೊಂದು ದಿನ ಬೇರೆ ಇಡಬೇಕು ಅಂತ ಓದಿದೀವಿ. ಹಳ್ಳೀಲಿ ಯಾರಾದ್ರೂ ಇಡ್ತಾರಾ?”

“ಒಬ್ಬರು ಇಟ್ಟಿದ್ದರು,” ಎಂದೆ. “ನಾನು ಬೇಡ ಅಂದಮೇಲೂ ಇಟ್ಟಿದ್ದರು.”

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಈ ಬರಹ ಅವರಿಗೆ, ಅವರ ಹಿಂದೆ ಬರುವವರಿಗೆ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಕಾಲೇಜಿನಲ್ಲಿ ನನಗೆ ಕಲಿಸಿದ್ದು ಒಂದೇ ಪಾಠ: ಎರಡು ಸಲ ನೋಡಲಾಗದ್ದನ್ನು ನಂಬಬೇಡ. ಈಗ ಉಳಿದಿರುವುದು ನೆನಪು. ಅದನ್ನು ಕೊಯ್ದು ಒಳಗೆ ಏನಿದೆ ಎಂದು ನೋಡುವ ಹಾಗಿಲ್ಲ. ಆದ್ದರಿಂದ ಬರೆದದ್ದನ್ನೆಲ್ಲ ನನ್ನ ಹೆಂಡತಿಗೆ ಮತ್ತು ನನ್ನ ಹಳೆಯ ಕಾಂಪೌಂಡರ್ ಗುರುಶಾಂತಪ್ಪನಿಗೆ ಓದಿ ಹೇಳಿದ್ದೇನೆ. ಅವರು ಒಪ್ಪದ ಕಡೆ ಒಪ್ಪಲಿಲ್ಲ ಎಂದು ಬರೆದಿದ್ದೇನೆ.

ನನ್ನ ಮೊದಲ ಆಸ್ಪತ್ರೆ ಮೂಡಿಗೆರೆಯಿಂದ ದೇವರಮನೆ ಗುಡ್ಡದ ಕಡೆ ಹೋಗುವ ದಾರಿ ಕವಲೊಡೆಯುವ ಒಂದು ಕೈಮರದ ಬಳಿ ಇತ್ತು. ಊರಿಗೆ ಹೊನ್ನೆಗುಂಡಿ ಎಂದು ಹೆಸರಿಡುತ್ತೇನೆ. ನಿಜವಾದ ಹೆಸರು ಅದಲ್ಲ. ಎರಡು ಕೋಣೆ, ಒಂದು ಐಸ್ ಪೆಟ್ಟಿಗೆ, ಐಸ್ ಮಾತ್ರ ಮೂಡಿಗೆರೆಯಿಂದ ಬರಬೇಕು. ಬಸ್ಸು ಕೈಮರದವರೆಗೆ. ಮುಂದಕ್ಕೆ ಎಸ್ಟೇಟ್ ಜೀಪು ಸಿಕ್ಕರೆ ಜೀಪು, ಇಲ್ಲದಿದ್ದರೆ ಕಾಲು. ಜೊತೆಗೆ ಗುರುಶಾಂತಪ್ಪ. ಪಕ್ಕಾ ಲಿಂಗಾಯತರ ಮನೆಯವನು, ಮೊಟ್ಟೆಯ ವಾಸನೆಗೇ ಮುಖ ತಿರುಗಿಸುವವನು. ಕೋಳಿಯನ್ನು ಒದ್ದೆ ಬಟ್ಟೆ ಹಿಡಿದಂತೆ ಎರಡು ಬೆರಳಲ್ಲಿ ಹಿಡಿಯುತ್ತಿದ್ದ. ಅವನ ಕೈಯಿಂದ ತಪ್ಪಿಸಿಕೊಂಡ ಕೋಳಿಗಳನ್ನು ಅಟ್ಟಿಕೊಂಡು ಕಾಫಿ ಗಿಡಗಳ ನಡುವೆ ನಾನು ಓಡಿದ ದೂರವನ್ನು ಒಟ್ಟು ಮಾಡಿದರೆ ಕಳಸ ಮುಟ್ಟಿ ಬರಬಹುದು.

ಮೊದಲು ಕಲಿಯಬೇಕಾದದ್ದು ಗುರುತು. ಹಿತ್ತಲ ಕೋಳಿಗೆ ಯಜಮಾನರಿದ್ದಾರೆ, ಬೇಲಿಯಿಲ್ಲ. ಹತ್ತು ಮನೆಯ ಕೋಳಿ ಒಂದೇ ತಿಪ್ಪೆ ಕೆದಕುತ್ತವೆ. ಹಾಗಾಗಿ ಮನೆಮನೆಗೂ ಒಂದು ಗುರುತಿತ್ತು. ಎಡಗಾಲಿನ ಹಿಂದಿನ ಉಗುರು ಕತ್ತರಿಸಿದ್ದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೃಷ್ಣೇಗೌಡರ ಮನೆಯದು. ಕಾಲಿಗೆ ಹಳೇ ಕೊಡೆಬಟ್ಟೆಯ ಚೂರು ಕಟ್ಟಿದ್ದು ಮೇಸ್ತ್ರಿ ಮನೆಯದು. ಯಾರಾದರೂ ಹೊಸ ಕೋಳಿ ತಂದರೆ ಅದನ್ನು ಹಿಡಿದುಕೊಂಡು ಒರಳುಕಲ್ಲಿಗೆ ಮೂರು ಸುತ್ತು ಹಾಕಿಸುತ್ತಿದ್ದರು. ಮನೆ ಮರೆಯದಿರಲಿ ಎಂದು. ಸುತ್ತು ಮುಗಿದ ಕೂಡಲೇ ಗುರುತು ಹಾಕಿ, ನಾಲ್ಕು ಕಾಳು ಅಕ್ಕಿ ಚೆಲ್ಲಿ, ಹಳೆಯ ಕೋಳಿಗಳ ಜೊತೆ ಬಿಡುತ್ತಿದ್ದರು. ಹೊಸ ಕೋಳಿ ಮನೆ ಮರೆಯುತ್ತಿರಲಿಲ್ಲ. ತಾನು ತಂದ ರೋಗವನ್ನೂ ಮರೆಯದೆ ಎಲ್ಲರಿಗೂ ಹಂಚುತ್ತಿತ್ತು.

ನಾನು ಮನೆಮನೆಗೆ ಹೋಗಿ ಇಲಾಖೆಯ ಕರಪತ್ರ ಓದಿದೆ. ಅದರಲ್ಲಿ ‘ಪ್ರತ್ಯೇಕವಾಸ’ ಎಂಬ ಶಬ್ದವಿತ್ತು. ಕೃಷ್ಣೇಗೌಡರು ಜಗಲಿಯ ಮೇಲೆ ಕೂತು ಕೇಳಿದರು:

“ಅಲ್ಲ ಡಾಕ್ಟ್ರೇ, ರಾಮಂಗೆ ಹದಿನಾಲ್ಕು ವರ್ಷ ಸಾಕಾಯ್ತು. ಕೋಳಿಗೆ ಎಷ್ಟು?”

“ಇಪ್ಪತ್ತೊಂದು ದಿನ.”

“ಅಷ್ಟರೊಳಗೆ ನೆಂಟರು ಬಂದ್ಬಿಡ್ತಾರೆ ಮಾರಾಯ್ರೆ.”

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಗುರುಶಾಂತಪ್ಪನೂ ನಕ್ಕ.

ಐಸಮ್ಮನವರನ್ನು ಕಂಡದ್ದು ನನ್ನ ಮೊದಲ ಪೆದ್ದುತನದ ದಿನ. ಕೃಷ್ಣೇಗೌಡರ ಹೆಂಡತಿ ಮೂಡಿಗೆರೆ ಸಂತೆಯಲ್ಲಿ ಒಂದು ಹೇಂಟೆ ಕೊಳ್ಳಲು ನನ್ನನ್ನೇ ಕರೆದುಕೊಂಡು ಹೋಗಿದ್ದರು. ಡಾಕ್ಟರೇ ಆರಿಸಿಕೊಟ್ಟ ಕೋಳಿ ಎಂದರೆ ಮರ್ಯಾದೆ ತಾನೆ? ಜುಟ್ಟು ಕೆಂಪಗೆ ಹೊಳೆಯುವ ಒಂದನ್ನು ಎತ್ತಿ, ಕಣ್ಣು ನೋಡಿ, ರೆಕ್ಕೆ ಬಿಡಿಸಿ, “ಇದು ಗಟ್ಟಿ” ಎಂದೆ. ಪಕ್ಕದಲ್ಲಿ ಬುಟ್ಟಿಯೊಂದಿಗೆ ಕೂತಿದ್ದ ಹೆಂಗಸು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು:

“ಜುಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ರೆ ನನ್ನ ಅಜ್ಜಿನೂ ಗಟ್ಟಿ. ಹಿಕ್ಕೆ ನೋಡಿ ಡಾಕ್ಟ್ರೇ, ಹಿಕ್ಕೆ.”

ನಾನು ನೋಡಲಿಲ್ಲ. ಮೂರನೆಯ ದಿನಕ್ಕೆ ಆ ಕೋಳಿ ಮೂಗು ಸೋರಿಸುತ್ತ ಮೂಲೆ ಹಿಡಿಯಿತು. ಅಂದಿನಿಂದ ನನ್ನ ಕೈಯಲ್ಲಿ ಕಲಿತವರಿಗೆಲ್ಲ ಇದನ್ನೇ ಹೇಳಿದ್ದೇನೆ. ಸಂತೆಯ ಬಿಸಿಲಲ್ಲಿ ಎಲ್ಲ ಕೋಳಿಯೂ ಚೆನ್ನಾಗಿಯೇ ಕಾಣುತ್ತದೆ. ಬೆಳಿಗ್ಗೆ ಬುಟ್ಟಿ ಎತ್ತಿದಾಗ ಅದರ ಕೆಳಗೆ ಏನಿದೆ ನೋಡಿ. ಬುಟ್ಟಿಗೆ ಕಿವಿಯಿಟ್ಟು ಉಸಿರು ಕೇಳಿ. ಜುಟ್ಟಿನ ಮಾತು ನಂಬಬೇಡಿ.

ಐಸಮ್ಮನವರ ಮನೆ ನಮ್ಮ ಹೊನ್ನೆಗುಂಡಿಯಲ್ಲೇ, ರಸ್ತೆಯ ಅಂಚಿಗೆ, ಬೇರೆ ಮನೆಗಳಿಂದ ದೂರ, ಅಂಗಳಕ್ಕೆ ಒತ್ತಾದ ಮುಳ್ಳುಬೇಲಿ. ಲಾರಿ ಮೆಕ್ಯಾನಿಕ್ ಆಗಿದ್ದ ಗಂಡ ತೀರಿಹೋಗಿದ್ದರು. ಇಬ್ಬರು ಹೆಣ್ಣುಮಕ್ಕಳು. ಮನೆಗಳಿಂದ, ಸಂತೆಯಿಂದ ಕೋಳಿ ಕೊಂಡು, ಸಾಕಿ, ಮಾರುವುದೇ ಜೀವನ. ಬೇರೆ ದಾರಿ ಇರಲಿಲ್ಲ.

ಕ್ಷಮೆ ಕೇಳಲೆಂದೇ ಅವರ ಮನೆಗೆ ಹೋದೆ ಎಂದು ನನ್ನ ನೆನಪು. ದನಕ್ಕೆ ಸೂಜಿ ಹಾಕಲು ಹೋದಾಗ ದಾರಿಯಲ್ಲಿ ನಿಂತದ್ದು ಎಂದು ಗುರುಶಾಂತಪ್ಪ. ಅವನು ಹೇಳಿದ್ದೇ ನಿಜವಿರಬಹುದು. ಆ ವಯಸ್ಸಿನಲ್ಲಿ ನಾನು ಕ್ಷಮೆ ಕೇಳುವವನಾಗಿರಲಿಲ್ಲ.

ಮನೆಯಿಂದ ಸಾಕಷ್ಟು ದೂರ, ಇಳಿಜಾರಿನಲ್ಲಿ, ಹಲಸಿನ ಮರದ ಕೆಳಗೆ ಮೂರು ದೊಡ್ಡ ಬುಟ್ಟಿ ಕವುಚಿದ್ದರು. ಸಂತೆಯಿಂದ ತಂದ ಹೊಸ ಕೋಳಿ ಅವುಗಳ ಅಡಿಯಲ್ಲಿ. ಮನೆಯ ಕೋಳಿಗಳಿಗೆ ಕಾಳು ಹಾಕಿ ಮುಗಿದ ಮೇಲೆಯೇ ಐಸಮ್ಮ ಈ ಕಡೆ ಬರುತ್ತಿದ್ದರು. ಇಲ್ಲಿಂದ ಆ ಕಡೆಗೆ ಕಾಲು ತೊಳೆಯದೆ ಹೋಗುತ್ತಿರಲಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಕೂತು ಕಲಿತದ್ದು ಆ ಹಲಸಿನ ಮರದ ಕೆಳಗೆ ಆಗಲೇ ನಡೆಯುತ್ತಿತ್ತು. ಒಂದು ಮಾತ್ರ ಅರ್ಥವಾಗಲಿಲ್ಲ. ಪ್ರತಿ ಬುಟ್ಟಿಯಲ್ಲೂ ಹೊಸ ಕೋಳಿಗಳ ಜೊತೆ ಅವರದೇ ಮನೆಯ ಒಂದೊಂದು ಮುದಿ ಹೇಂಟೆ ಕೂತಿತ್ತು.

“ಇದ್ಯಾಕೆ ಇಲ್ಲಿ?”

“ಇವಳು ಸಾಕ್ಷಿ.”

“ಯಾವುದಕ್ಕೆ?”

“ಹೊಸತು ಏನು ಹೊತ್ಕೊಂಡು ಬಂದಿದೆ ಅಂತ ಅದು ಹೇಳ್ತದಾ? ಅದಕ್ಕೆ ಅಭ್ಯಾಸ ಆಗಿರ್ತದೆ, ನೆಟ್ಟಗೆ ನಿಂತಿರ್ತದೆ. ಇವಳು ಹೇಳ್ತಾಳೆ. ಇವಳು ತೂಕಡಿಸಿದ್ರೆ ಬುಟ್ಟಿ ಎತ್ತೂದೇ ಇಲ್ಲ.”

“ಪಾಪ, ಇದಕ್ಕೆ ಮರಣದಂಡನೆ.”

“ಮೊಟ್ಟೆ ನಿಲ್ಸಿ ಎರಡು ವರ್ಷ ಆಯ್ತು ಮಾರಾಯ್ರೆ. ಸಾರಿಗೆ ಹೋಗೂದಿತ್ತು. ಇಲ್ಲಿ ಕೂತು ಕೆಲಸ ಮಾಡ್ತಾಳೆ, ನಿಮ್ಮ ಹಾಗೇ.”

ಮನೆಯ ಹಿಂದಿನ ಗೋಡೆಯ ಮೇಲೆ ಇದ್ದಿಲ ಗೆರೆಗಳಿದ್ದವು. ಬುಟ್ಟಿಗೊಂದು ಸಾಲು, ದಿನಕ್ಕೊಂದು ಗೆರೆ. ಎಣಿಸಿದೆ. ಮುಗಿದ ಸಾಲುಗಳಲ್ಲೆಲ್ಲ ಇಪ್ಪತ್ತೊಂದೇ ಇದ್ದವು. ಅವರಿಗೆ ಓದು ಬಾರದು. ಇಪ್ಪತ್ತೊಂದು ಎಂದು ಯಾರು ಹೇಳಿಕೊಟ್ಟರು ಎಂದು ಕೇಳಿದೆ.

“ಕೋಳಿನೇ ಹೇಳಿದ್ದು. ಕಾವಿಗೆ ಕೂತ್ರೆ ಎಷ್ಟು ದಿನಕ್ಕೆ ಮರಿ ಬರ್ತದೆ? ಒಳಗಿರೂದು ಹೊರಗೆ ಬರ್ಲಿಕ್ಕೆ ಕೋಳಿಗೆ ಅಷ್ಟೇ ದಿನ ಬೇಕು.”

ಕಾರಣ ತಪ್ಪು, ಸಂಖ್ಯೆ ಸರಿ. ನಾನು ಕಾರಣ ತಪ್ಪೆಂದು ನಗುತ್ತ ಬಂದೆ. ಸಂಖ್ಯೆ ಸರಿಯಿದೆಯಲ್ಲ ಎಂದು ಯೋಚಿಸಬೇಕಿತ್ತು.

ಇನ್ನು ನಂಬರ್ ಬಿದ್ದ ಕೋಳಿಗಳ ವಿಷಯ. ಒಂದು ವರ್ಷ ಬೇಸಿಗೆಗೆ ಮುಂಚೆ ನಮ್ಮ ಆಸ್ಪತ್ರೆಗೆ ಜೀಪಿನಲ್ಲಿ ಕೋಳಿಗಳು ಬಂದವು, ಬಡ ಕುಟುಂಬಗಳಿಗೆ ಹಂಚಲು, ಮನೆಗೆ ಆರರಂತೆ. ಕೆಂಪು ತಳಿ, ದೂರದಿಂದ ನೋಡಿದರೆ ಊರ ಕೆಂಪು ಕೋಳಿಗೂ ಅದಕ್ಕೂ ವ್ಯತ್ಯಾಸ ತಿಳಿಯದು. ಒಂದೊಂದರ ಕಾಲಿಗೂ ಅಲ್ಯುಮಿನಿಯಂ ಉಂಗುರ, ಅದರ ಮೇಲೆ ನಂಬರು. ಪಂಜರಕ್ಕೆ ಕಟ್ಟಿದ ಚೀಟಿಯಲ್ಲಿ ‘ಲಸಿಕೆ ಹಾಕಲಾಗಿದೆ’ ಎಂದು ಬರೆದು ಸೀಲು ಒತ್ತಿತ್ತು.

ಆಸ್ಪತ್ರೆಯ ಅಂಗಳದಲ್ಲಿ ಜನ ಸೇರಿದ್ದರು. ಕೃಷ್ಣೇಗೌಡರು ಬಡವರಲ್ಲ, ಆದರೂ ಪಟ್ಟಿಯಲ್ಲಿದ್ದರು. ಐಸಮ್ಮ ವಿಧವೆಯರ ಲೆಕ್ಕದಲ್ಲಿ ಬಂದಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಹೇಳಿದೆ. ಈ ಮಾತು ಮಾತ್ರ ಯಾರನ್ನೂ ಕೇಳದೆ ಬರೆಯಬಲ್ಲೆ:

“ಇವು ಸಂತೆ ಕೋಳಿ ಅಲ್ಲ. ಇವಕ್ಕೆ ರೋಗ ಇಲ್ಲ, ಲಸಿಕೆ ಆಗಿದೆ. ಬೇರೆ ಇಡೋದೇನೂ ಬೇಡ. ಇವತ್ತೇ ಬಿಡಿ.”

ಯಾಕೆ ಹೇಳಿದೆ? ಮೇಲಿನಿಂದ ಒತ್ತಡ ಇತ್ತು ಎಂದರೆ ಸುಳ್ಳಾಗುತ್ತದೆ. ಯಾರೂ ಹೇಳಿಸಲಿಲ್ಲ. ಇದ್ದಿಲ ಗೆರೆಯನ್ನು ಅನುಮಾನಿಸಿದ ನಾನು ಸೀಲು ಒತ್ತಿದ ಚೀಟಿಯನ್ನು ಅನುಮಾನಿಸಲಿಲ್ಲ, ಅಷ್ಟೆ. ಕಲಿತವನ ಅನುಮಾನ ಎಷ್ಟೋ ಸಲ ಓದು ಬಾರದವರ ಕಡೆಗೆ ಮಾತ್ರ ಹರಿಯುತ್ತದೆ.

ಸಂಜೆಗೆ ಮುಂಚೆ ಸುತ್ತಾಡಿ ಬಂದೆ. ಎಲ್ಲ ಮನೆಯಲ್ಲೂ ಕೋಳಿ ಒರಳು ಸುತ್ತಿ ತಿಪ್ಪೆ ಸೇರಿದ್ದವು. ಐಸಮ್ಮನವರ ಹಲಸಿನ ಮರದ ಕೆಳಗೆ ಮಾತ್ರ ಆರೂ ಕೋಳಿ ಬುಟ್ಟಿಯ ಒಳಗೆ. ಜೊತೆಗೆ ಒಂದು ಮುದಿ ಬೂದು ಹೇಂಟೆ. ನಾಲ್ಕು ಜನರ ಎದುರಿಗೆ ನನಗೆ ಅವಮಾನವಾದಂತಾಯಿತು.

“ಐಸಮ್ಮ, ಇದು ಸರ್ಕಾರದ ಕೋಳಿ. ಹೇಳಿದ್ದು ಕೇಳಿಸಲಿಲ್ವಾ?”

“ಕೇಳಿಸ್ತು. ಸರ್ಕಾರದ್ದು ನಿಮ್ಗೆ. ನನ್ನ ಕೋಳಿಗಳಿಗೆ ಹೊಸತು.”

“ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ ಅನ್ನಿ.”

“ನಿಮ್ಮೇಲೆ ಇದೆ ಮಾರಾಯ್ರೆ. ಕೋಳಿ ಮೇಲೆ ಇಲ್ಲ.”

ಮಾರನೆಯ ದಿನ ನಾನು ದನಗಳ ಲಸಿಕೆಗೆ ಕಳಸದ ಕಡೆ ಹೋದೆ. ಹತ್ತು ಹನ್ನೆರಡು ದಿನ ಅಲ್ಲೇ. ಆಗ ಊರಿನಲ್ಲಿ ನಡೆದದ್ದು ಇಡೀ ಹೊನ್ನೆಗುಂಡಿ ಸೇರಿ ಮಾಡಿದ ತಪ್ಪು. ನಂಬರ್ ಇರುವ ಕೋಳಿಯನ್ನು ಕೊಯ್ದರೆ ಕೇಸಾಗುತ್ತದೆ ಎಂದು ಯಾರೋ ಹಬ್ಬಿಸಿದರು. ಕೃಷ್ಣೇಗೌಡರು ಅದಕ್ಕೆ ಉಪಾಯ ಹೇಳಿದರಂತೆ: “ನಾಳೆ ಜೀಪಲ್ಲಿ ಬಂದು, ಇಂಥ ನಂಬರ್ ಎಲ್ಲಿ ಅಂತ ಕೇಳ್ತಾರೆ. ಉಂಗುರನೇ ಇಲ್ದಿದ್ರೆ ಯಾವುದನ್ನ ಕೇಳ್ತಾರೆ?” ಕಾಫಿ ಗಿಡ ಸವರುವ ಕತ್ತರಿಯಲ್ಲಿ ಮನೆಮನೆಯಲ್ಲೂ ಉಂಗುರ ಕತ್ತರಿಸಿದರು. ನಂಬರ್ ಬಿದ್ದ ಕೋಳಿಗಳು ಒಂದೇ ದಿನದಲ್ಲಿ ನಂಬರಿಲ್ಲದ ಊರ ಕೋಳಿಗಳಾದವು.

ನಾನು ವಾಪಸು ಬಂದಾಗ ಬಸ್ಸಿಳಿದ ಜಾಗದಲ್ಲೇ ಗೊತ್ತಾಯಿತು. ಕೈಮರದ ಪಕ್ಕದ ಗುಂಡಿಯಲ್ಲಿ ಸತ್ತ ಕೋಳಿಗಳ ರಾಶಿ. ಕೊಕ್ಕರೆ ರೋಗ. ಉಸಿರಿಗೆ ಬಾಯಿ ತೆರೆದು, ಹಸಿರು ಬಿಳಿ ಹಿಕ್ಕೆ ಹಾಕಿ, ಬದುಕಿ ಉಳಿದದ್ದು ಕತ್ತು ತಿರುಚಿಕೊಂಡು ಆಕಾಶ ನೋಡುತ್ತ ತಿರುಗುವ ರೋಗ. ಕೃಷ್ಣೇಗೌಡರ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಅವರ ಹೆಂಡತಿ ಖಾಲಿ ಗೂಡಿನ ಬಾಗಿಲು ಮುಚ್ಚಿ ಅದಕ್ಕೆ ಒರಗಿ ನಿಂತಿದ್ದರು. ನನ್ನನ್ನು ನೋಡಿ ಒಳಗೆ ಹೋದರು.

ಮೊದಲು ಸತ್ತದ್ದು ಯಾವ ಕೋಳಿ, ಯಾವ ದಿನ ಎಂದು ಮನೆಮನೆಯಲ್ಲಿ ವಿಚಾರಿಸಿದೆ. ಒಬ್ಬರು ಸೋಮವಾರ ಅಂದರು, ಒಬ್ಬರು ಸಂತೆಯ ಮಾರನೆ ದಿನ. ಒಬ್ಬರು ಊರ ಕೋಳಿ ಮೊದಲು ಎಂದರೆ ಅದೇ ಮನೆಯ ಇನ್ನೊಬ್ಬರು ಹೊಸದು ಮೊದಲು ಎಂದರು. ಉಂಗುರವಿಲ್ಲದ ಹೆಣಗಳು ಗುಂಡಿಯಲ್ಲಿ ಬೆರೆತು ಕೊಳೆತಿದ್ದವು. ವಾರದ ಹಿಂದಿನ ನೆನಪೇ ಹೀಗಿದ್ದರೆ ಈಗ ನನ್ನ ನೆನಪಿನ ಗತಿ ಏನು ಎಂದು ಓದುವವರು ಯೋಚಿಸಲಿ.

ಒಂದು ವಿಷಯದಲ್ಲಿ ಮಾತ್ರ ಊರು ಒಮ್ಮತವಾಗಿತ್ತು. ಐಸಮ್ಮನ ಮನೆ ಕೋಳಿಗಳು ಅಂಗಳದಲ್ಲಿ ಆರಾಮಾಗಿ ಕೆದಕುತ್ತಿವೆ.

“ಅದೇ ಸಾಕಲ್ಲ ಡಾಕ್ಟ್ರೇ,” ಎಂದರು ಕೃಷ್ಣೇಗೌಡರು. ಈ ಸಲ ತಮಾಷೆಯ ದನಿ ಇರಲಿಲ್ಲ. “ಸಂತೆ ಸಂತೆ ಸುತ್ತಿ ರೋಗ ಹೊತ್ತು ತರೋಳು ಅವಳು. ಊರಿಗೆಲ್ಲ ಹಚ್ಚಿ ತನ್ನದು ಮಾತ್ರ ಉಳಿಸ್ಕೊಂಡಿದಾಳೆ. ಏನೋ ಗೊತ್ತು ಅವಳಿಗೆ.”

ಏನೋ ಗೊತ್ತಿತ್ತು, ನಿಜ. ಅದನ್ನು ನಾನು ಎಲ್ಲರ ಎದುರು ಬೇಡ ಎಂದಿದ್ದೆ.

ಚಿಕ್ಕಮಗಳೂರಿನಿಂದ ನನ್ನ ಮೇಲಧಿಕಾರಿ ಬಂದರು. ಕೆಟ್ಟ ಮನುಷ್ಯರಲ್ಲ, ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ರೋಗದ ಮೂಲ ಏನು ಎಂಬ ಕಾಲಂ ಖಾಲಿ ಬಿಡುವಂತಿಲ್ಲ ಎಂದರು. ನಾನು ಬರೆದೆ: ‘ಮೂಲ ಖಚಿತವಾಗಿಲ್ಲ. ಸಂತೆಯಿಂದ ತಂದ ಹೊಸ ಕೋಳಿಗಳಿಂದ ಇರಬಹುದು.’

ಈ ‘ಇರಬಹುದು’ ಎಂಬ ಶಬ್ದವನ್ನು ಹೊಸಬರು ಚೆನ್ನಾಗಿ ನೋಡಿಟ್ಟುಕೊಳ್ಳಿ. ವಿಜ್ಞಾನಿಯ ಎಚ್ಚರಿಕೆಯಂತೆ ಕಾಣುತ್ತದೆ. ನಾನು ಬರೆದದ್ದು ಹೇಡಿತನದಿಂದ. ಆ ಒಂದು ಶಬ್ದದ ಮೇಲೆ ಎರಡೇ ದಿನದಲ್ಲಿ ಐಸಮ್ಮನವರಿಗೆ ಆದೇಶ ಹೋಯಿತು. ಸಂತೆಗೆ ಬುಟ್ಟಿ ತರಬಾರದು. ನಾಲ್ಕು ದಿನದೊಳಗೆ ಅವರ ಮನೆಯ ಕೋಳಿಗಳನ್ನೆಲ್ಲ ಕೊಂದು ಹೂಳಬೇಕು. ಕೊಲ್ಲುವ ದಿನ ಪಶುವೈದ್ಯ, ಅಂದರೆ ನಾನು, ಹಾಜರಿದ್ದು ಸಹಿ ಹಾಕಬೇಕು.

ಅವರು ಆಸ್ಪತ್ರೆಗೆ ಬಂದರು. ಒಳಗೆ ಬರಲಿಲ್ಲ. ಬಾಗಿಲ ಹೊರಗೆ ನಿಂತು, “ನಿಮ್ಮಲ್ಲಿ ರೋಗದ ಕೋಳಿ ಬಂದುಹೋಗ್ತವೆ, ನಾನು ಒಳಗೆ ಬರೂದಿಲ್ಲ, ನೀವೇ ಹೊರಗೆ ಬನ್ನಿ” ಎಂದರು. ಕೊಲ್ಲಲು ಆದೇಶವಾದ ಕೋಳಿಗಳ ಬಗ್ಗೆ ಆಗಲೂ ಅಷ್ಟು ಎಚ್ಚರ. ಹೊರಗೆ ಹೋದೆ. ಹೊಗೆಸೊಪ್ಪಿನ ಒಂದು ಡಬ್ಬಿ ತೆರೆದು ಮೆಟ್ಟಿಲ ಮೇಲೆ ಬೋರಲು ಹಾಕಿದರು. ಐದು ಅಲ್ಯುಮಿನಿಯಂ ಉಂಗುರ.

“ನಿಮ್ಮ ನಂಬರ್ ನೀವೇ ಓದಿ.”

ಪ್ರತಿ ಉಂಗುರಕ್ಕೂ ಒಂದು ದಾರ. ದಾರದಲ್ಲಿ ಗಂಟುಗಳು. ಒಂದರಲ್ಲಿ ನಾಲ್ಕು, ಎರಡರಲ್ಲಿ ಐದೈದು, ಒಂದರಲ್ಲಿ ಆರು, ಒಂದರಲ್ಲಿ ಏಳು.

“ತಂದು ಎಷ್ಟನೇ ದಿನ ಸತ್ತದ್ದೋ ಅಷ್ಟು ಗಂಟು. ಆರನೇದು ಬುಟ್ಟಿಯಲ್ಲಿದೆ, ಕತ್ತು ತಿರುಗಿದೆ. ನನ್ನ ಸಾಕ್ಷಿ ಒಂಬತ್ತಕ್ಕೆ ಹೋದಳು. ಎಲ್ಲ ಸುಣ್ಣ ಹಾಕಿ ಹೂತಿದ್ದೇನೆ. ಅಗೆದು ನೋಡೂದಾದ್ರೆ ನೋಡಿ.”

“ಸಂತೆಯಿಂದ ತಂದ ಕೋಳಿಗಳು?”

“ಆಚೆ ದೂರ ಇಟ್ಟ ಬುಟ್ಟಿಯಲ್ಲಿ ಇವೆ. ನಿಮ್ಮ ಜೀಪು ಬರೂದಕ್ಕಿಂತ ಮುಂಚೆ ತಂದದ್ದು. ಅದರ ಸಾಕ್ಷಿ ಇವತ್ತೂ ಕಾಳು ಹೆಕ್ತಾ ಇದ್ದಾಳೆ. ಆಮೇಲೆ ನಾನು ಸಂತೆಗೆ ಹೋಗ್ಲೇ ಇಲ್ಲ.”

ಗುರುಶಾಂತಪ್ಪ ಹಂಚಿಕೆಯ ಪುಸ್ತಕ ತಂದ. ಐದು ನಂಬರೂ ಅದರಲ್ಲಿ ಐಸಮ್ಮನವರ ಹೆಸರಿನ ಎದುರಿಗಿದ್ದವು. ಅವರ ಮನೆಗೆ ಹೋಗಿ ಗೋಡೆಯ ಗೆರೆ ಎಣಿಸಿದೆ. ಗಂಟಿಗೂ ಗೆರೆಗೂ ತಾಳೆಯಾಯಿತು. ಆರನೆಯ ಕೋಳಿಯನ್ನು ಹಲಸಿನ ಮರದ ಕೆಳಗೇ ಕೊಯ್ದೆ. ಕಾಲಿನಲ್ಲಿ ಉಂಗುರ ಇನ್ನೂ ಇತ್ತು. ಜಠರದ ಒಳಪದರದಲ್ಲಿ ಗುಂಡುಸೂಜಿ ಚುಚ್ಚಿದಂತೆ ಕೆಂಪು ಚುಕ್ಕೆಗಳು, ಕೊಕ್ಕರೆ ರೋಗದ ಗುರುತು. ರೋಗ ಬಂದದ್ದು ನಮ್ಮ ಪಂಜರದಲ್ಲಿ. ಲಸಿಕೆ ದಾರಿಯಲ್ಲಿ ಬಿಸಿಯಾಗಿ ಸತ್ತಿತ್ತೋ, ಹಾಕಿಯೇ ಇರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅದನ್ನು ತಿಪ್ಪೆಗೆ ಬಿಡಿಸಿದವನು ಯಾರೆಂದು ಗೊತ್ತಿತ್ತು.

ಕೈ ತೊಳೆಯಲು ಐಸಮ್ಮ ನೀರು ಹುಯ್ದರು.

“ನಾಲ್ಕು ದಿನದ ಗಡುವಲ್ಲಿ ಎರಡು ದಿನ ಹೋಯ್ತು ಡಾಕ್ಟ್ರೇ. ಕೋಳಿ ಹೋದ್ರೆ ನಾನು ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ, ಅದನ್ನೂ ಬರೆದು ಕೊಡಿ.”

ಎರಡನೆಯ ವರದಿ ಬರೆದು ಮಾರನೆಯ ಬೆಳಿಗ್ಗೆ ವಸ್ತಾರೆ ಮಾರ್ಗದ ಬಸ್ಸಿನಲ್ಲಿ ಗುರುಶಾಂತಪ್ಪನ ಜೊತೆ ಚಿಕ್ಕಮಗಳೂರಿಗೆ ಹೋದೆ. ಮೇಲಧಿಕಾರಿ ಓದಿ ಕನ್ನಡಕ ತೆಗೆದಿಟ್ಟರು.

“ನೋಡಿ, ಇಲಾಖೆ ಕೋಳಿಗೆ ರೋಗ ಬರೋದಿಲ್ಲ ಅಂತ ನಾನು ಹೇಳ್ತಿಲ್ಲ. ಬಂದಿದೆ ಅಂತ ನೀವು ಬರೀಬೇಡಿ ಅಂತ ಹೇಳ್ತಿದೀನಿ.”

“ಬಂದಿದೆ ಸರ್.”

“ಸಾಕ್ಷಿ ಏನು? ಓದು ಬರ್ದೇ ಇರೋ ಹೆಂಗಸಿನ ದಾರದ ಗಂಟು!”

“ಓದು ಬರೋರು ಉಂಗುರ ಕತ್ತರಿಸಿದ್ರು ಸರ್. ಚೀಟಿಗೆ ಸೀಲು ಹಾಕಿದವರಿಗೂ ಓದು ಬರ್ತಿತ್ತು.”

ಆಗ ನಾನು ಮೇಜು ಗುದ್ದಿದೆ, ದವಾತಿ ಉರುಳಿತು ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಬಾಗಿಲಲ್ಲಿ ನಿಂತಿದ್ದ ಗುರುಶಾಂತಪ್ಪ ಮೊನ್ನೆ ಇದನ್ನು ಕೇಳಿ ತಲೆಯಾಡಿಸಿದ. “ಮೇಜು ಗಿಜು ಏನೂ ಇಲ್ಲ ಸಾರ್. ನೀವು ಫ್ಯಾನ್ ನೋಡ್ತಾ ನಿಂತಿದ್ರಿ. ‘ಬದಲಾಯ್ಸಲ್ಲ, ಸಹಿನೂ ಹಾಕಲ್ಲ’ ಅಂದ್ರಿ. ಅದೂ ಎರಡು ಸಲ ಹೇಳ್ಬೇಕಾಯ್ತು, ಮೊದಲ ಸಲ ದನಿ ಬರ್ಲಿಲ್ಲ.” ಇರಲಿ. ದವಾತಿ ಉರುಳದಿದ್ದರೆ ಬೇಡ. ಕಾರ್ಬನ್ ಪ್ರತಿ ನನ್ನ ಬಳಿ ಇದೆ, ಅದು ನನ್ನ ನೆನಪಿನ ಹಾಗೆ ಬದಲಾಗಿಲ್ಲ: ‘ಈ ರೋಗವು ಇಲಾಖೆಯಿಂದ ಹಂಚಿದ ಕೋಳಿಗಳಿಂದ ಹರಡಿದೆ. ಅವನ್ನು ಪ್ರತ್ಯೇಕವಾಗಿಡುವ ಅಗತ್ಯವಿಲ್ಲವೆಂದು ಜನರಿಗೆ ಹೇಳಿದವನು ನಾನು.’

ಆ ಕಾಗದ ಎಲ್ಲಿ ಹೋಯಿತೋ ಏನಾಯಿತೋ, ಉತ್ತರ ಬರಲಿಲ್ಲ. ಆದರೆ ಪಶುವೈದ್ಯನ ಸಹಿ ಇಲ್ಲದೆ ಕೋಳಿ ಕೊಲ್ಲುವಂತಿರಲಿಲ್ಲ, ನಾನು ಸಹಿ ಹಾಕಲಿಲ್ಲ. ನಾಲ್ಕು ದಿನ ಕಳೆಯಿತು. ಐದನೆಯ ದಿನವೂ ಐಸಮ್ಮನ ಕೋಳಿಗಳು ಕೆದಕುತ್ತಿದ್ದವು. ಸಂತೆಗೆ ಬುಟ್ಟಿ ತರಬಾರದೆಂಬ ಆದೇಶವನ್ನೂ ಎರಡು ವಾರದಲ್ಲಿ ಬಾಯಿಮಾತಿನಲ್ಲೇ ಕೈಬಿಟ್ಟರು. ತಪ್ಪಾಯಿತು ಎಂದು ಮಾತ್ರ ಯಾರೂ ಬರೆದು ಕೊಡಲಿಲ್ಲ.

ನನಗೆ ಏನಾಯಿತು ಎಂಬುದು ಇಲ್ಲಿ ಮುಖ್ಯವಲ್ಲ. ಬಡ್ತಿ, ವರ್ಗಾವಣೆಗಳ ಕಥೆ ಹೇಳಲು ಬೇರೆ ನಿವೃತ್ತರಿದ್ದಾರೆ. ಕೆಲಸದ ಕ್ರಮದಲ್ಲಿ ಆದ ಬದಲಾವಣೆ ಹೇಳುತ್ತೇನೆ. ಆಮೇಲೆ ನಾನಿದ್ದ ಯಾವ ಆಸ್ಪತ್ರೆಯಿಂದಲೂ ಕೋಳಿ ಬಂದ ದಿನವೇ ಹಂಚಲಿಲ್ಲ. ಇಪ್ಪತ್ತೊಂದು ದಿನ ಅಂಗಳದ ಮೂಲೆಯಲ್ಲಿ ಕೂಡಿಹಾಕಿ, ಪಂಜರಕ್ಕೊಂದು ಊರ ಮುದಿ ಹೇಂಟೆ ಬಿಡುತ್ತಿದ್ದೆ. ಈ ಹೇಂಟೆ ಯಾವ ಯೋಜನೆಯದು, ಇದರ ಕಾಳಿಗೆ ಮಂಜೂರಾತಿ ಎಲ್ಲಿ ಎಂದು ಒಬ್ಬ ಅಧಿಕಾರಿ ಕೇಳಿದರು. “ಇದು ಇಲಾಖೆಯಲ್ಲಿ ನನಗಿಂತ ಹಿರಿಯ ಸಿಬ್ಬಂದಿ ಸರ್,” ಎಂದೆ. ಆ ಹಿರಿಯ ಸಿಬ್ಬಂದಿ ಎರಡು ಸಲ ಪಂಜರದಲ್ಲೇ ಸತ್ತು ಎರಡು ಊರುಗಳ ಕೋಳಿ ಉಳಿಸಿದೆ. ಅದಕ್ಕೆ ಯಾರೂ ಶಾಲು ಹೊದಿಸಲಿಲ್ಲ.

ಆದರೆ ಹೇಳದೆ ಬಿಡಲಾಗದ್ದು ಒಂದಿದೆ, ಆದೇಶ ಕೈಬಿಟ್ಟ ಮೇಲಿನ ಮೊದಲ ಸಂತೆ. ವರದಿಗಳು ಸಂತೆಗೆ ಹೋಗುವುದಿಲ್ಲ, ಸುದ್ದಿ ಹೋಗುತ್ತದೆ. ಐಸಮ್ಮ ಬುಟ್ಟಿ ಹೊತ್ತು ತಂದು ತಮ್ಮ ಹಳೆಯ ಜಾಗದಲ್ಲಿ ಕೂತಿದ್ದರು. ಅವರ ಎಡಕ್ಕೂ ಬಲಕ್ಕೂ ಜನ. ಅವರ ಎದುರು ಮಾತ್ರ ಯಾರೂ ನಿಲ್ಲಲಿಲ್ಲ. ಕೃಷ್ಣೇಗೌಡರ ಹೆಂಡತಿ ಕೈಚೀಲ ಹಿಡಿದು ತುಸು ದೂರದಲ್ಲಿ ನಿಂತಿದ್ದರು.

ನಾನು ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತೆ.

“ಎರಡು ಹೇಂಟೆ ಕೊಡಿ ಐಸಮ್ಮ.”

“ನೋಡಿ ಆರಿಸ್ಕೊಳ್ಳಿ. ಜುಟ್ಟಲ್ಲ, ಹಿಕ್ಕೆ.”

ಬುಟ್ಟಿಯ ಅಡಿ ಇಣುಕಿದೆ. ಸುತ್ತ ನಿಂತವರೂ ಇಣುಕಿದರು. ಎರಡನ್ನು ಎತ್ತಿಕೊಂಡೆ.

“ಇಪ್ಪತ್ತೊಂದು ದಿನ ಬೇರೆ ಇಡಿ,” ಎಂದರು.

“ನಿಮ್ಮ ಕೋಳಿಗೂ? ಇಡೀ ತಾಲ್ಲೂಕಿನಲ್ಲಿ ನಾನು ನಂಬೋದು ಇದೊಂದೇ ಬುಟ್ಟಿ.”

“ನಿಮ್ಮನೆಗೆ ಹೊಸತಲ್ವಾ?” ಐಸಮ್ಮ ದನಿ ಏರಿಸಿದರು, ದೂರ ನಿಂತವರಿಗೂ ಕೇಳಿಸಲಿ ಎಂದೇ. “ಬೇರೆ ಇಡೂದಾದ್ರೆ ಕೊಡ್ತೇನೆ. ಇಲ್ಲಾಂದ್ರೆ ಡಾಕ್ಟ್ರಾದ್ರೂ ಇಲ್ಲ, ಯಾರಾದ್ರೂ ಇಲ್ಲ. ಬುಟ್ಟಿಯಲ್ಲಿ ಇಟ್ಟು ಹೋಗಿ.”

ಇಡುತ್ತೇನೆ ಎಂದು ಎಲ್ಲರ ಎದುರು ಮಾತು ಕೊಟ್ಟೆ. ಒಂದು ಕೋಳಿಯನ್ನು ಜೊತೆಗೆ ಬಂದಿದ್ದ ಗುರುಶಾಂತಪ್ಪನ ಕೈಗೆ ಕೊಟ್ಟೆ. ಅದನ್ನು ಎಂದಿನಂತೆ ಎರಡು ಬೆರಳಲ್ಲಿ ಹಿಡಿದ.

“ಸಾರ್, ಮುಂದೆ ನಮ್ಮ ಮಾವನ ಅಂಗಡಿ ಇದೆ. ಹಿಂದಿನ ದಾರೀಲಿ ಹೋಗೋಣ.”

“ನಿಮ್ಮ ಇಷ್ಟ ಗುರುಶಾಂತಪ್ಪ.”

ಅವನು ಮಾವನ ಅಂಗಡಿಯ ಕಡೆ ಒಮ್ಮೆ ನೋಡಿದ. ನಂತರ ಕೋಳಿಯನ್ನು ಎರಡು ಬೆರಳಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡ, ಮಗುವನ್ನು ಎತ್ತಿಕೊಂಡ ಹಾಗೆ. ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಹೇಂಟೆ. ಸಂತೆಯ ಉದ್ದಕ್ಕೂ ಮುಂದೆ ನಡೆದವನು ಅವನೇ. ಮಾವನ ಅಂಗಡಿಯ ಎದುರು ಬಂದಾಗ ಆ ಹಿರಿಯರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತು, “ಏನೋ ಇದು ಗುರುಶಾಂತಾ?” ಎಂದರು. “ಐಸಮ್ಮನ ಕೋಳಿ ಮಾವ, ರೋಗ ಇಲ್ಲ,” ಎಂದು ಗಟ್ಟಿಯಾಗಿ ಹೇಳಿ ಮುಂದೆ ಹೋದ. ತಿರುಗಿ ನೋಡಿದೆ. ಕೃಷ್ಣೇಗೌಡರ ಹೆಂಡತಿ ಬುಟ್ಟಿಯ ಎದುರು ಬಗ್ಗಿ ಅದರ ಅಡಿ ನೋಡುತ್ತಿದ್ದರು.

ಮನೆಗೆ ಬಂದಾಗ ನನ್ನ ಹೆಂಡತಿ ಮಸಾಲೆಗೆ ಕೊತ್ತಂಬರಿ ಹುರಿಯಲು ಬಾಣಲೆ ಇಟ್ಟಿದ್ದಳು. ವಿಷಯ ಹೇಳಿದೆ. ಬಾಣಲೆ ಇಳಿಸಿದಳು. ಹಿತ್ತಲ ಮೂಲೆಯಲ್ಲಿ ಬುಟ್ಟಿ ಕವುಚಿದೆವು. ಒಲೆಯಿಂದ ಇದ್ದಿಲು ತಂದು ಗೋಡೆಗೆ ಮೊದಲ ಗೆರೆ ಎಳೆದವನು ಗುರುಶಾಂತಪ್ಪ.

ಆ ಕೋಳಿಗಳ ಬಣ್ಣ ನನ್ನ ನೆನಪಿನಲ್ಲಿ ಕಪ್ಪು. ಒಂದು ಕೆಂಪು, ಒಂದು ಬೂದು ಎನ್ನುತ್ತಾಳೆ ಹೆಂಡತಿ. ಎರಡಕ್ಕೂ ಕತ್ತಿನಲ್ಲಿ ಪುಕ್ಕವಿರಲಿಲ್ಲ ಎಂದು ಗುರುಶಾಂತಪ್ಪ ಆಣೆ ಹಾಕುತ್ತಾನೆ. ಮೂವರಲ್ಲಿ ಯಾರನ್ನೂ ನಂಬಬೇಡಿ. ಗೋಡೆಯ ಮೇಲೆ ಇಪ್ಪತ್ತೊಂದು ಗೆರೆ ಇದ್ದವು. ಅವನ್ನು ಮೂವರೂ ದಿನಾ ಬೆಳಿಗ್ಗೆ ಎಣಿಸಿದ್ದೇವೆ.